ಎಡಕ್ಕೆ ಎಳೆದದ್ದು ಕಾರೋ, ಕೈಯೋ

ಕಾರು ಎಡಕ್ಕೆ ಎಳೆಯುತ್ತಿದೆ ಎಂದು ನನಗೆ ಮೊದಲು ಅನ್ನಿಸಿದ್ದು ಭದ್ರಾವತಿಯ ದಾರಿಯಲ್ಲಿ, ಮಾಚೇನಹಳ್ಳಿಯ ಹತ್ತಿರ. ಸ್ಟೀರಿಂಗನ್ನು ನೆಟ್ಟಗೇ ಹಿಡಿದಿದ್ದೆ. ಆದರೂ ಗಾಡಿ ಮೆಲ್ಲಗೆ ರಸ್ತೆಯಂಚಿನ ಮಣ್ಣಿನ ಕಡೆ ಸರಿಯುತ್ತಿತ್ತು. ಬೇರೆಯವರಾಗಿದ್ದರೆ ಮೆಕ್ಯಾನಿಕ್ಕಿಗೆ ಎರಡು ಮಾತು ಬೈದುಕೊಂಡು ಮುಂದೆ ಹೋಗುತ್ತಿದ್ದರು. ನನಗೆ ಮಾತ್ರ ಎದೆ ಧಸಕ್ಕೆಂದಿತು. ಹಿಂದಿನ ವರ್ಷ ನನಗೆ ಸಣ್ಣದಾಗಿ ಸ್ಟ್ರೋಕ್ ಆಗಿ ಎಡಗೈ ಬಿದ್ದುಹೋಗಿತ್ತು. ತಿಂಗಳುಗಟ್ಟಲೆ ರಬ್ಬರ್ ಚೆಂಡು ಹಿಸುಕಿ, ಬೇಸರ ಬಂದಾಗ ಅದನ್ನು ಗೋಡೆಗೆಸೆದು, ಮತ್ತೆ ನಾನೇ ಹೋಗಿ ಎತ್ತಿಕೊಂಡು ಬಂದು ಹಿಸುಕಿ, ಆ ಕೈಗೆ ಜೀವ ತಂದುಕೊಂಡಿದ್ದೆ. ಇನ್ನು ಕಾರು ಓಡಿಸಬಹುದು ಎಂದು ಡಾಕ್ಟರು ಹೇಳಿ ಹೆಚ್ಚು ದಿನವೂ ಆಗಿರಲಿಲ್ಲ. ಈಗ ಎಡಕ್ಕೆ ಎಳೆಯುತ್ತಿರುವುದು ಕಾರೋ, ನನ್ನ ಕೈಯೋ?

ನಾನು ಶಿವಮೊಗ್ಗದಿಂದ ಭದ್ರಾವತಿಯ ಕಾಲೇಜೊಂದಕ್ಕೆ ಪಾಠ ಮಾಡಲು ಹೋಗುತ್ತೇನೆ. ಆ ದಾರಿಯಲ್ಲಿ ಬಸ್ಸಿಗೇನು ಬರವೇ? ಕೈ ಅಡ್ಡ ಹಿಡಿದರೆ ಬಸ್ಸು. ಆದರೆ ಕಾಯಿಲೆಯ ದಿನಗಳಲ್ಲಿ ಎಲ್ಲರೂ ನನ್ನನ್ನು ಮೂಟೆಯ ಹಾಗೆ ಎತ್ತಿ ಕೂರಿಸಿ ಇಳಿಸಿ ಮಾಡಿದ್ದರಲ್ಲ, ಅದು ನನಗೆ ಸಾಕಾಗಿ ಹೋಗಿತ್ತು. ಮತ್ತೆ ಕಾರಿನ ಬಲಗಡೆ ಸೀಟಿನಲ್ಲಿ ಕೂತ ದಿನ ನಾನು ಮೊದಲಿನವಳಾದೆ. ಅದನ್ನು ಕಿತ್ತುಕೊಂಡರೆ ತಡೆದುಕೊಳ್ಳುವ ಶಕ್ತಿ ನನ್ನಲ್ಲಿರಲಿಲ್ಲ. ಅದಕ್ಕೇ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ನಮ್ಮ ಯಜಮಾನರಿಗೂ ಹೇಳಲಿಲ್ಲ. ಅವರು ನಿವೃತ್ತ ಸಂಸ್ಕೃತ ಮೇಷ್ಟ್ರು, ಡ್ರೈವಿಂಗ್ ಬರುವುದಿಲ್ಲ. ಪಕ್ಕದಲ್ಲಿ ಕೂತು ಬೆಲ್ಟು ಹಾಕಿಕೊಂಡರೆ ಮುಗಿಯಿತು, ಮಲವಗೊಪ್ಪ ಬರುವಷ್ಟರಲ್ಲಿ ಗೊರಕೆ.

ಮೊದಲು ಟೈರಿಗೆ ಗಾಳಿ ಹಿಡಿಸಿದೆ. ಗಾಳಿ ಸರಿಯಾಗಿಯೇ ಇತ್ತು. ಚಕ್ರಗಳ ಅಲೈನ್‌ಮೆಂಟ್ ಮಾಡುವ ಅಂಗಡಿಗೆ ಹೋದರೆ ಅಲ್ಲಿ ನನ್ನ ಮುಂದೆ ಉದ್ದ ಸಾಲು. ಬಹಳ ಹೊತ್ತು ಕಾದ ಮೇಲೆ ಅಂಗಡಿಯವನು ಗಾಡಿಯನ್ನು ಮೆಷೀನಿಗೆ ಹಾಕಿ, ಒಂದು ಸುತ್ತು ಓಡಿಸಿಕೊಂಡೂ ಬಂದು, ಎಲ್ಲೂ ಎಳೆಯುತ್ತಿಲ್ಲ ಮೇಡಂ ಅಂದ. ಇನ್ನೊಬ್ಬ ಮುಂದಿನ ಎರಡು ಟೈರುಗಳನ್ನು ಅದಲು ಬದಲು ಮಾಡಿದ. ದೋಷ ಟೈರಿನದಾದರೆ ಇನ್ನು ಮೇಲೆ ಬಲಕ್ಕೆ ಎಳೆಯುತ್ತದೆ ಎಂದು ವಿವರಿಸಿದ. ಬಲಕ್ಕೆ ಎಳೆಯಲಪ್ಪಾ ದೇವರೇ ಎಂದು ಬೇಡಿಕೊಂಡೇ ಓಡಿಸಿದೆ. ಎಡಕ್ಕೇ ಎಳೆಯಿತು. ಮತ್ತೊಬ್ಬ ಮಹಾನುಭಾವ, ಮಳೆನೀರು ಹರಿಯಲಿ ಎಂದು ರಸ್ತೆಯನ್ನೇ ಎಡಕ್ಕೆ ಇಳಿಜಾರು ಮಾಡಿರುತ್ತಾರೆ, ಎಲ್ಲರ ಗಾಡಿಯೂ ಹಾಗೇ ಎಂದು ಸಮಾಧಾನ ಹೇಳಿದ. ಹಾಗಾದರೆ ನಮ್ಮ ಮನೆಯಿರುವ ವಿನೋಬನಗರದ ರಸ್ತೆಗೆ ಇಳಿಜಾರಿಲ್ಲವೇ? ಅಲ್ಲಿಂದ ನೆಟ್ಟಗೆ ಹೊರಡುವ ಕಾರು ಮಾಚೇನಹಳ್ಳಿಗೆ ಬಂದ ಕೂಡಲೇ ಯಾಕೆ ವಾಲಬೇಕು? ಹೋಗುವಾಗಲೂ ಅಲ್ಲೇ, ಬರುವಾಗಲೂ ಅಲ್ಲೇ. ನನಗೆ ತಲೆ ಕೆಟ್ಟು ಮೊಸರು ಗಡಿಗೆಯಾಯಿತು.

ಕೈಯನ್ನು ದೂರಿದರೆ ಮಾತ್ರ ಎಲ್ಲ ಸರಿಹೊಂದುತ್ತಿತ್ತು. ಅಷ್ಟು ದೂರ ಓಡಿಸುವಷ್ಟರಲ್ಲಿ ಕೈ ಸೋಲುತ್ತದೆ, ಸೋತ ಕೈ ಕೆಳಗೆ ಜಗ್ಗುತ್ತದೆ, ಕಾರು ಎಡಕ್ಕೆ ಹೋಗುತ್ತದೆ. ಮನೆಯಲ್ಲಿ ತುಂಬಿದ ಬಕೆಟ್ಟನ್ನು ಎಡಗೈಯಲ್ಲೇ ಎತ್ತಿ ನೋಡಿದೆ. ಎತ್ತಿತು. ಪೇಪರ್ ಓದುತ್ತಿದ್ದ ಯಜಮಾನರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದೆ. ಅವರು ಹೌಹಾರಿ ಏನಾಯ್ತೇ ನಿನಗೆ ಅಂದರು. ಶಕ್ತಿ ಇತ್ತು, ಅನುಮಾನವೇ ಇಲ್ಲ. ಆದರೂ ಅನುಮಾನ ಹೋಗಲಿಲ್ಲ.

ಒಂದು ಕಡೆಯ ಬ್ರೇಕು ಹಿಡಿದುಕೊಂಡರೂ ಹೀಗಾಗುತ್ತದೆ, ಆಗ ಆ ಕಡೆಯ ಚಕ್ರ ಬಿಸಿಯಾಗಿರುತ್ತದೆ ಎಂದು ಗಾಳಿ ಹಿಡಿಯುವವನು ಮಾತಿನ ಮಧ್ಯೆ ಹೇಳಿದ್ದ. ಒಂದು ದಿನ ಕಾಲೇಜಿನ ಮುಂದೆ ಇಳಿದವಳೇ ಎಡಚಕ್ರವನ್ನು ಮುಟ್ಟಿ ನೋಡಿದೆ. ಸುತ್ತಿ ಬಂದು ಬಲಚಕ್ರವನ್ನೂ ಮುಟ್ಟಿದೆ. ಎರಡೂ ಒಂದೇ ಥರ, ಬಿಸಿಯೇನಿಲ್ಲ. ಅಲ್ಲಿಗೆ ಬ್ರೇಕಿನ ಆಸೆಯೂ ಮುಗಿಯಿತು. ಆ ದಿನ ಕ್ಲಾಸಿನಲ್ಲಿ ಹಿಂದಿನ ವಾರ ಮುಗಿಸಿದ್ದ ಪಾಠವನ್ನೇ ಮತ್ತೆ ಮಾಡಿ ಬಂದೆ.

ಕೊನೆಗೆ, ಭದ್ರಾವತಿಯ ನ್ಯೂಟೌನಿನಲ್ಲಿರುವ ತಮ್ಮನ ಮನೆಗೆ ಇಬ್ಬರೂ ಊಟಕ್ಕೆ ಹೋದ ಭಾನುವಾರ, ತಡೆಯಲಾಗದೆ ಎಲ್ಲವನ್ನೂ ಹೇಳಿಬಿಟ್ಟೆ. ಊಟವಾದ ಮೇಲೆ ತಮ್ಮ ಕೀ ಇಸಿದುಕೊಂಡು ಒಂದು ಸುತ್ತು ಹೋಗಿ ಬಂದ. ಬಂದವನು ನನ್ನ ಮುಖ ನೋಡಲಿಲ್ಲ.

“ಗಾಡಿಗೇನೂ ಆಗಿಲ್ಲ ಅಕ್ಕ. ಡಾಕ್ಟ್ರಿಗೆ ಕೈ ತೋರ್ಸು. ಅಲ್ಲೀವರೆಗೂ ಗಾಡಿ ಇಲ್ಲೇ ಇರ್ಲಿ.”

ನನಗೆ ಮೈಯೆಲ್ಲ ಉರಿದುಹೋಯಿತು. ಅವನಿಗೆ ಬ್ಯಾಲೆನ್ಸ್ ಕಲಿಸಿ ಸೈಕಲ್ ಹತ್ತಿಸಿದವಳು ನಾನು, ಈಗ ನನ್ನ ಕೀ ಇವನ ಜೇಬಿನಲ್ಲಿ! ಬಾಯಿಗೆ ಬಂದಂತೆ ಅಂದುಬಿಟ್ಟೆ. ಯಜಮಾನರು ಹಾಗೂ ಅಲ್ಲ, ಹೀಗೂ ಅಲ್ಲ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಹೇಳಿ, ಕಡೆಗೆ ಇವತ್ತೊಂದು ದಿನ ಅವಳೇ ಓಡಿಸಲಿ, ನಾಳೆ ಡಾಕ್ಟರು ಏನು ಹೇಳುತ್ತಾರೋ ಹಾಗೆ ಮಾಡೋಣ ಎಂದು ಕೀ ಕೊಡಿಸಿದರು. ಇದೇ ಕೊನೆಯ ಸಲವೇನೋ ಅಂದುಕೊಂಡು ಸ್ಟೀರಿಂಗ್ ಹಿಡಿದೆ. ಭದ್ರೆಯ ಸೇತುವೆ ದಾಟುವಾಗ ಕಣ್ಣು ಮಂಜಾಯಿತು.

ಮಾಚೇನಹಳ್ಳಿ ಬಂತು, ಎಳೆತವೂ ಶುರುವಾಯಿತು, ಹಿಂದೆಂದಿಗಿಂತ ಜೋರಾಗಿ. ಯಜಮಾನರು ಅವತ್ತು ನಿದ್ದೆ ಮಾಡಿರಲಿಲ್ಲ. ಏನೋ ಸುಟ್ಟ ವಾಸನೆ ಬರುತ್ತಿದೆ, ನಿಲ್ಲಿಸು ಅಂದರು. ನಿಲ್ಲಿಸಿದೆ. ಅವರು ಇಳಿದು ಪಂಚೆ ಎತ್ತಿಕಟ್ಟಿ ಎಡಚಕ್ರದ ಪಕ್ಕ ಕೂತು, ನಡುವಿನ ಕಬ್ಬಿಣಕ್ಕೆ ಕೈ ಹಚ್ಚಿದವರು “ಅಯ್ಯಪ್ಪಾ” ಎಂದು ಕಿತ್ತುಕೊಂಡು ಬೆರಳನ್ನು ಬಾಯಿಗಿಟ್ಟುಕೊಳ್ಳಹೋಗಿ, ಗಲೀಜೆಂದು ನೆನಪಾಗಿ ಪಂಚೆಗೆ ಒರೆಸಿದರು. ಮುಟ್ಟಿದ್ದು ಎಡಗೈಯಲ್ಲಿ. ಊಟದ ಕೈಯಲ್ಲಿ, ಪೂಜೆಯ ಕೈಯಲ್ಲಿ ಬೀದಿಯ ಸಗಣಿ ಕೆಸರು ತುಳಿದ ಚಕ್ರವನ್ನು ನಮ್ಮ ಮನೆಗಳಲ್ಲಿ ಯಾರೂ ಮುಟ್ಟುವುದಿಲ್ಲ.

ನನಗೆ ಖುಷಿ ಉಕ್ಕಿಬಂತು. ಬಿಸಿ! ಬ್ರೇಕೇ ಹಿಡಿದಿದೆ! ಹಾಗಾದರೆ ನನ್ನ ಕೈಯಲ್ಲ! ನಾನೂ ಬಗ್ಗಿ ಅದೇ ಕಬ್ಬಿಣವನ್ನು ಮುಟ್ಟಿದೆ. ಬಿಸಿ ಎಲ್ಲಿದೆ? ಇವರಿಗೇನು ಭ್ರಮೆಯೇ ಎಂದು ಇನ್ನೂ ಒತ್ತಿ ಹಿಡಿದೆ. ಯಜಮಾನರು ಒಂದು ಕ್ಷಣ ನನ್ನನ್ನೇ ನೋಡಿ, ಆಮೇಲೆ ನನ್ನ ಕೈಯನ್ನು ರಪ್ಪನೆ ಎಳೆದರು. ಬೆರಳ ತುದಿಗಳು ಕೆಂಪಗಾಗಿದ್ದವು. ನಾನೂ ಮುಟ್ಟಿದ್ದು ಎಡಗೈಯಲ್ಲೇ. ಅವತ್ತು ಕಾಲೇಜಿನ ಮುಂದೆ ಎರಡು ಚಕ್ರಗಳನ್ನು ಮುಟ್ಟಿದ್ದೂ ಅದರಲ್ಲೇ.

“ಸುಡೋದು ಗೊತ್ತಾಗ್ಲಿಲ್ವಾ?”

ಇಲ್ಲ ಅಂದೆ. ನಾನು ಚೆಂಡು ಹಿಸುಕುವುದನ್ನು ಡಾಕ್ಟರು ನೋಡಿದ್ದರು, ಭಾರ ಎತ್ತುವುದನ್ನು ನೋಡಿದ್ದರು. ಬಿಸಿ ತಿಳಿಯುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಹತ್ತಿರದ ವರ್ಕ್‌ಶಾಪೊಂದರವರು ಬಂದು ಕಾರನ್ನು ತಮ್ಮಲ್ಲಿಗೆ ಒಯ್ದು ಚಕ್ರ ಬಿಚ್ಚಿದರು. ನಾನು ಮಲಗಿದ್ದ ತಿಂಗಳುಗಳೆಲ್ಲ ಕಾರೂ ಮನೆಯ ಮುಂದೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಿಂತಿತ್ತಲ್ಲ, ನೀರು ಸಿಡಿದು ಎಡಗಡೆಯ ಬ್ರೇಕಿಗೆ ತುಕ್ಕು ಹಿಡಿದಿತ್ತು. ತಣ್ಣಗಿದ್ದಾಗ ಸರಿಯಿದ್ದು, ಓಡಿ ಓಡಿ ಕಾದ ಮೇಲೆ ಬಿಗಿಯುತ್ತಿತ್ತು. ತಮ್ಮನಿಗೂ ಅಂಗಡಿಯವರಿಗೂ ಸಿಕ್ಕಿದ್ದು ನಿಂತು ತಣ್ಣಗಾದ ಕಾರು. ಅವರು ರಿಪೇರಿ ಮಾಡುವವರೆಗೆ ನಾವು ಬೆಂಚಿನ ಮೇಲೆ ಕೂತಿದ್ದೆವು. ಮೊನ್ನೆ ಬೆರಳಿನ ಮೇಲೆ ಬೊಬ್ಬೆ ಇತ್ತಲ್ಲ, ಒಗ್ಗರಣೆ ಸಿಡಿಯಿತು ಅಂದೆಯಲ್ಲ ಎಂದು ಯಜಮಾನರು ಕೇಳಿದರು. ನಾನು ಹಾಗೇ ನಂಬಿದ್ದೆ; ಅದು ಕಾಲೇಜಿನ ಮುಂದೆ ಚಕ್ರ ಮುಟ್ಟಿದ ದಿನದ ಬೊಬ್ಬೆ. ಗೆದ್ದೆನೋ ಸೋತೆನೋ ಒಂದೂ ತಿಳಿಯಲಿಲ್ಲ.

ವರ್ಕ್‌ಶಾಪಿನವರು ಕೀ ಚಾಚಿದಾಗ ತೆಗೆದುಕೊಳ್ಳಲು ನನಗೆ ಧೈರ್ಯವಾಗಲಿಲ್ಲ. ಯಜಮಾನರೇ ತೆಗೆದುಕೊಂಡರು. ಮದುವೆಯಾದಾಗಿನಿಂದ ಒಲೆಯ ಹತ್ತಿರ ಸುಳಿಯದ ಮನುಷ್ಯ, ಕೀಯನ್ನು ನನ್ನ ಎಡಗೈಯಲ್ಲಿಟ್ಟು ಬೆರಳು ಮಡಚಿದರು.

“ಗಾಡಿ ನೀನೇ ಓಡ್ಸು ಮಾರಾಯ್ತಿ. ಒಲೆ ಮೇಲಿನ ಪಾತ್ರೆ ಇನ್ಮೇಲೆ ನಾನ್ ಇಳಿಸ್ತೀನಿ.”

ಶಿವಮೊಗ್ಗದವರೆಗೂ ಅಳುತ್ತಲೇ ಓಡಿಸಿದೆ.