ಅಪ್ಪನ ಲಾನಿಗೆ ಬಂದ ನೆಂಟರು

ನನ್ನನ್ನು ನೋಡಲು ಭಟ್ಕಳದಿಂದ ಗಂಡಿನ ಕಡೆಯವರು ಬಂದಾಗ ಅಪ್ಪ ಅಂಗಳದ ಹುಲ್ಲಿನ ಮೇಲೆ ಕೂತು ಸ್ನಾನ ಮಾಡುತ್ತಿದ್ದರು. ಮರೆತು ಹಾಗಾದದ್ದಲ್ಲ. ಆ ಬೇಸಿಗೆಯಲ್ಲಿ ಅವರ ಸ್ನಾನ ನಡೆಯುತ್ತಿದ್ದುದೇ ಅಲ್ಲಿ.

ಅಪ್ಪ ಪುಣೆಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು, ರಾಜ್ಯ ಒಂದಾದ ಹೊಸತರಲ್ಲಿ ನಿವೃತ್ತರಾಗಿ ಕುಮಟೆಗೆ ಮರಳಿದ್ದರು. ಆ ಕಚೇರಿಯ ಮುಂದೆ ದೊಡ್ಡ ಹುಲ್ಲುಹಾಸು ಇತ್ತಂತೆ. ಇಪ್ಪತ್ತೆಂಟು ವರ್ಷ ಅದರ ಅಂಚಿನಲ್ಲೇ ನಡೆದರೂ ಮೇಲೆ ಕಾಲಿಡುವ ಅಧಿಕಾರ ಗುಮಾಸ್ತರಿಗೆ ಇರಲಿಲ್ಲ. ಊರಿಗೆ ಬಂದವರೇ ಮನೆಯ ಮುಂದಿನ ಚಿರೇಕಲ್ಲಿನ ನೆಲ ಕೆದಕಿಸಿ, ಕಾಗಾಲದ ಗದ್ದೆಯಿಂದ ಎರಡು ಗಾಡಿ ಮಣ್ಣು ತರಿಸಿ, ಗರಿಕೆ ನೆಟ್ಟರು. ಅವರು ಅದನ್ನು ಲಾನ್ ಎಂದರು. ಅಮ್ಮ ಕೊನೆಯವರೆಗೂ ಹುಲ್ಲು ಎಂದೇ ಕರೆದಳು.

ಆ ವರ್ಷ ದೀಪಾವಳಿಗೆ ನಿಂತ ಮಳೆ ಮತ್ತೆ ಈ ಕಡೆ ಮುಖ ಹಾಕಲಿಲ್ಲ. ಬೇಸಿಗೆಯ ನಡುವೆ ಬರುವ ಒಂದೆರಡು ಅಡ್ಡಮಳೆಯೂ ಇಲ್ಲ. ಬಾವಿಯ ಹಗ್ಗಕ್ಕೆ ಇನ್ನೊಂದು ಹಗ್ಗ ಗಂಟು ಹಾಕಬೇಕಾಯಿತು.

“ತೆಂಗಿನಮರಕ್ಕೇ ನೀರು ಇಲ್ಲೆ. ಹುಲ್ಲಿಗೆ ಎಂತಕ್ಕೆ?” ಎಂದಳು ಅಮ್ಮ.

“ತೆಂಗಿನ ಬೇರು ಆಳಕ್ಕೆ ಇದ್ದು. ಇದು ಇನ್ನೂ ಸಣ್ಣದು.”

“ಎರಡು ವರ್ಷ ಆತು, ಸಣ್ಣದು ಸಣ್ಣದು ಹೇಳಿ.”

ಕಡೆಗೆ ಅಮ್ಮ ಕಾನೂನು ಮಾಡಿದಳು. ಬಾವಿಯ ಚೊಕ್ಕ ನೀರು ಒಂದು ತಂಬಿಗೆಯೂ ಹುಲ್ಲಿಗೆ ಹೋಗಕೂಡದು. ಮನುಷ್ಯರು ಬಳಸಿದ್ದಾದರೆ ಅಡ್ಡಿಯಿಲ್ಲ. ಮರುದಿನವೇ ಅಪ್ಪ ಬಚ್ಚಲಿನ ಮಣೆಯನ್ನು ಅಂಗಳಕ್ಕೆ ಒಯ್ದರು. ದಿನಕ್ಕೊಂದು ಮೊಳದಂತೆ ಮಣೆ ಮುಂದೆ ಸರಿಯುತ್ತಿತ್ತು. ಸೋಪಿನ ನೀರು ಗರಿಕೆಗೆ ಆಗದೆಂದು ಕಡಲೆಹಿಟ್ಟು ಹಚ್ಚಿಕೊಳ್ಳುತ್ತಿದ್ದರು. ಅದರ ಆಸೆಗೆ ಕಾಗೆಗಳು ಬೇಲಿಯ ಮೇಲೆ ಸಾಲಾಗಿ ಕೂತು ಅವರ ಸ್ನಾನ ಮುಗಿಯುವುದನ್ನೇ ಕಾಯುತ್ತಿದ್ದವು.

ನೆಂಟರು ಬರಬೇಕಾದದ್ದು ಮಧ್ಯಾಹ್ನದ ನಂತರ. ಬಂದದ್ದು ಹತ್ತು ಗಂಟೆಗೇ. ಶಾಲಾ ಮಾಸ್ತರನಾಗಿದ್ದ ಹುಡುಗ, ಅವನ ತಂದೆ, ತಾಯಿ, ಮೂವರೂ ಕೆಂಪು ಧೂಳಿನಲ್ಲಿ ಮಿಂದಂತಿದ್ದರು. ಮೈತುಂಬ ಹಿಟ್ಟು ಹಚ್ಚಿಕೊಂಡಿದ್ದ ಅಪ್ಪ ಕೂತಲ್ಲಿಂದಲೇ ಕೈಮುಗಿದರು.

“ಬನ್ನಿ, ಬನ್ನಿ. ಬೇಗ ಆತು ನಿಮ್ದು.”

“ಹೊನ್ನಾವರದಲ್ಲಿ ಹೊಳೆ ದಾಟಲೆ ತಾರಿ ಬೇಗ ಸಿಕ್ತು,” ಎಂದರು ಹುಡುಗನ ತಂದೆ, ಎಲ್ಲಿ ನೋಡಬೇಕೆಂದು ತಿಳಿಯದೆ ಮಾಡಿನ ಹಂಚು ನೋಡುತ್ತ.

ಅಮ್ಮ ಓಡಿಬಂದು ಕಾಲು ತೊಳೆಯಲು ಮೆಟ್ಟಿಲ ಬಳಿ ಎರಡು ಬಾಲ್ದಿ ನೀರು ಇಟ್ಟಳು. ಅಪ್ಪನಿಗೆ ತಡೆಯಲಾಗಲಿಲ್ಲ.

“ಅಲ್ಲಿ ಬೇಡ. ಇಲ್ಲಿ, ಈ ಮೂಲೆಗೆ ಬನ್ನಿ. ಇಲ್ಲಿ ಒಣಗಿದ್ದು.”

“ಹುಲ್ಲಿನ ಮೇಲೆ ತುಳೀಲಕ್ಕಾ?”

“ತುಳೀಲಕ್ಕು. ಮೆಟ್ಟು ಬಿಟ್ಟು ಬನ್ನಿ.”

ತಂದೆತಾಯಿ ಮೊದಲ ಬಾಲ್ದಿಯಲ್ಲಿ ಹೇಳಿದ ಮೂಲೆಯಲ್ಲೇ ಕಾಲು ತೊಳೆದು ಜಗಲಿ ಹತ್ತಿದರು. ಹುಡುಗ ಪ್ಯಾಂಟು ಮಡಚಿ ಎರಡನೆಯದಕ್ಕೆ ತಂಬಿಗೆ ಹಾಕಿದ. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ.

“ಒಂದೇ ಕಡೆ ಸುರಿಯಡ ಮಾರಾಯ. ಇತ್ಲಾಗೆ ಸ್ವಲ್ಪ,” ಎಂದರು ಅಪ್ಪ. ಬಾಗಿಲ ಹಿಂದೆ ಅಮ್ಮ ಹಣೆ ಹಣೆ ಬಡಿದುಕೊಂಡಳು.

ಹುಡುಗ ಸರಿದು ನಿಂತ. “ಇಲ್ಲಿ ಸಾಕಾ?”

“ಇನ್ನೊಂದು ಗೇಣು.”

ಅವನು ಇನ್ನೊಂದು ಗೇಣು ಸರಿದ. ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ಕಾಲು ತೊಳೆದಾದ ಮೇಲೆ ಬಾಲ್ದಿಯೊಳಗೆ ಬಗ್ಗಿ ನೋಡಿ, “ಇದು ಉಳಿದದ್ದು?” ಎಂದು ಕೇಳಿದ.

“ಅದು ಚೊಕ್ಕ ನೀರು. ಬಳಸಿದ್ದಾದ್ರೆ ಮಾತ್ರ ಹುಲ್ಲಿಗೆ. ಮನೆಲಿ ಹಂಗೆ ಕಾನೂನು ಇದ್ದು,” ಎಂದು ಅಪ್ಪ ನಿಟ್ಟುಸಿರು ಬಿಟ್ಟರು.

ಹುಡುಗ ಒಂದು ಗಳಿಗೆ ಯೋಚಿಸಿದ. ಆಮೇಲೆ ಎರಡೂ ಕೈ ಮೊಣಕೈವರೆಗೆ ಬಾಲ್ದಿಯೊಳಗೆ ಇಳಿಸಿ, ಚೆನ್ನಾಗಿ ಉಜ್ಜಿ ತೊಳೆದು, ಬಾಲ್ದಿ ಎತ್ತಿ ಆ ಮೂಲೆಗೆಲ್ಲ ಸಮನಾಗಿ ಹನಿಸಿದ. “ಈಗ ಅಡ್ಡಿಲ್ಲೆ ಅಲ್ದಾ?”

ನಾನು ನಕ್ಕುಬಿಟ್ಟೆ. ಜಗಲಿಯವರೆಗೂ ಕೇಳಿತು.

“ಹುಡುಗಿ ಅದೇಯಾ?” ಎಂದರು ಅವನ ತಾಯಿ. ಹೆಣ್ಣು ನೋಡುವ ಶಾಸ್ತ್ರ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು. ಅವರು ಹೋದ ಮೇಲೆ ಅಮ್ಮ, ಹುಡುಗ ಹೇಗೆಂದು ಕೇಳಿದಳು. ನಾನೂ “ಅಡ್ಡಿಲ್ಲೆ” ಎಂದೆ.

ವಾರದಲ್ಲಿ ಒಪ್ಪಿಗೆಯ ಕಾಗದ ಬಂತು. ಮಳೆಗಾಲಕ್ಕೆ ಮೊದಲೇ ಮದುವೆ, ನಮ್ಮ ಮನೆಯಲ್ಲೇ. ಚಪ್ಪರ ಹಾಕಲು ಇದ್ದದ್ದು ಆ ಅಂಗಳವೊಂದೇ. ಕಂಬಕ್ಕೆ ಗುಂಡಿ ತೋಡಬೇಕೆಂದು ಅಪ್ಪನಿಗೆ ಹೇಳುವವರು ಯಾರು ಎಂದು ನಾನೂ ಅಮ್ಮನೂ ಎರಡು ದಿನ ಮುಖ ಮುಖ ನೋಡಿಕೊಂಡೆವು. ಮೂರನೆಯ ದಿನ ಅವರೇ ಬಂದು ಹೇಳಿದರು: “ಚಪ್ಪರ ಎಂಟು ದಿನ ಮೊದಲೇ ಹಾಕ್ಸುವ. ಹುಲ್ಲಿಗೆ ನೆರಳು ಸಿಗ್ತು. ಊಟ ಆದವರು ಕೈ ತೊಳೆದ ನೀರೂ ಇದ್ದಲ್ಲ.”

ಮದುವೆಯ ದಿನ ಧಾರೆಗೆ ಹೊತ್ತಾಗಿತ್ತು. ಹೆಣ್ಣಿನ ತಂದೆ ಮಂಟಪದಲ್ಲಿ ಇಲ್ಲ. ಭಟ್ಟರು ಎರಡು ಸಲ ಕೂಗಿದರು. ಅಪ್ಪ ಮಡಿಯುಟ್ಟುಕೊಂಡೇ ಚಪ್ಪರದ ಅಂಚಿನಲ್ಲಿ ನಿಂತು, ತಿಂಡಿ ತಿಂದು ಬಂದವರನ್ನು ಒಬ್ಬೊಬ್ಬರಾಗಿ ಬೇರೆ ಬೇರೆ ಜಾಗಕ್ಕೆ ಕೈ ತೊಳೆಯಲು ಕಳಿಸುತ್ತಿದ್ದರು. ಅಮ್ಮ ಹೋಗಿ ತೋಳು ಹಿಡಿದು ಕರೆತಂದಳು.

ನಾನು ಹೊರಡುವಾಗ ಹುಲ್ಲು ತುಳಿದು ತುಳಿದು ಹಳೆಯ ನಾರಿನ ಚಾಪೆಯಂತಾಗಿತ್ತು. ಅಪ್ಪ ನನ್ನ ಮುಖ ನೋಡದೆ, ಬಗ್ಗಿ ಅದರಲ್ಲಿ ಏನೋ ಹೆಕ್ಕುತ್ತಲೇ ಇದ್ದರು. ಅಲ್ಲಿ ಹೆಕ್ಕಲು ಏನೂ ಇರಲಿಲ್ಲ. ನಾನೇ ಹತ್ತಿರ ಹೋಗಿ ಕಾಲು ಮುಟ್ಟಿದೆ. ಅವರು, “ಆತು, ಆತು,” ಎಂದಷ್ಟೇ ಹೇಳಿದರು.

ಆಷಾಢಕ್ಕೆ ತವರಿಗೆ ಬಂದಾಗ ಹದಿನೈದು ದಿನದಿಂದ ಬಿಡದೆ ಮಳೆ ಹೊಯ್ಯುತ್ತಿತ್ತು. ಗುಡ್ಡ, ಬೇಲಿ, ದಾರಿ, ಬಾವಿಕಟ್ಟೆಯ ಬಿರುಕು, ಎಲ್ಲಿ ನೋಡಿದರೂ ಹಸಿರು. ಅಂಗಳದಲ್ಲಿ ಮಾತ್ರ ನಾಲ್ಕು ಗೂಟ ಹೊಡೆದು ಸುತ್ತ ಹಗ್ಗ ಕಟ್ಟಿತ್ತು.

“ಇದು ಎಂತಕ್ಕೆ ಅಪ್ಪ?” ಎಂದೆ.

ಅಪ್ಪ ತಮ್ಮ ಕೊಡೆಯನ್ನು ನನ್ನ ಕಡೆ ವಾಲಿಸಿದರು. “ಎಲ್ಲಾ ಕಡೆ ಹುಲ್ಲು ಬಂದುಬಿಟ್ಟಿದ್ದು. ನಂದು ಯಾವ್ದು ಹೇಳಿ ಗೊತ್ತಾಗ್ತಿಲ್ಲೆ.”