ಹೂವಿನ ದಾರ ಕಟ್ಟಿದ ವೈರುಗಳು

ಇವತ್ತು ಬೆಳಿಗ್ಗೆ ಬಸವೇಶ್ವರನಗರದ ಅತ್ತಿಗೆಯ ಮನೆಯಲ್ಲಿ ಕಂಪ್ಯೂಟರಿನ ಪಕ್ಕದ ಮುಚ್ಚಳ ಬಿಚ್ಚಿದೆ. ಮೊದಲು ಮೂಗಿಗೆ ಬಡಿದದ್ದು ಧೂಳು, ಆಮೇಲೆ ಕಣ್ಣಿಗೆ ಬಿದ್ದದ್ದು ದಾರ. ಹೂ ಕಟ್ಟುವ ಬಿಳಿ ದಾರ, ಈಗ ಹಳದಿಗೆ ತಿರುಗಿದೆ. ಒಳಗಿನ ಕಪ್ಪು ವೈರುಗಳನ್ನೆಲ್ಲ ಒಟ್ಟು ಮಾಡಿ, ಮಲ್ಲಿಗೆ ಮೊಗ್ಗಿಗೆ ಹಾಕುವಂಥದೇ ಗಂಟು ಹಾಕಿ ಕಟ್ಟಿದವರು ನಮ್ಮಣ್ಣ. ಅಣ್ಣ ತೀರಿಕೊಂಡು ಎರಡು ವರ್ಷವಾಯಿತು. ಗಂಟು ಮಾತ್ರ ಸಡಿಲವಾಗಿಲ್ಲ.

ಚಿತ್ರಗಳ ಕೆಲಸ ಮಾಡುವ ಹಳೆಯ ಗ್ರಾಫಿಕ್ಸ್ ಕಾರ್ಡ್ ಕೈಕೊಟ್ಟಿದೆ, ಹೊಸದು ಹಾಕಬೇಕು, ಅತ್ತಿಗೆಗೆ ಕೈ ನಡುಕ ಎಂದು ನನ್ನನ್ನು ಕರೆಸಿದ್ದಾರೆ. ಮಿಕ್ಸಿ ರಿಪೇರಿ ಮಾಡಲು ಹೋಗಿ ಆರ್‌ಪಿಸಿ ಲೇಔಟಿನ ನಮ್ಮ ಇಡೀ ಬಿಲ್ಡಿಂಗನ್ನು ಕತ್ತಲಲ್ಲಿ ಕೂರಿಸಿದ ಕೀರ್ತಿ ನನ್ನದು. ಅಂಥವನನ್ನು ಕರೆಸಿದ್ದು ನನ್ನ ಜಾಣತನ ನಂಬಿಕೊಂಡು ಅಂತ ತಿಳಿಯಬೇಡಿ. ರಾಜಾಜಿನಗರದ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಗಿರಿಜತ್ತಿಗೆಗೆ ದಡ್ಡ ವಿದ್ಯಾರ್ಥಿಗಳೆಂದರೆ ಇವತ್ತಿಗೂ ಅಕ್ಕರೆ.

ನಿವೃತ್ತಿಯಾದ ಮೇಲೆ ಅವರ ಓರಗೆಯವರೆಲ್ಲ ಮಲ್ಲತ್ತಹಳ್ಳಿ ಕೆರೆ ಸುತ್ತ ವಾಕಿಂಗ್ ಹೊರಟರೆ, ಇವರು ಹಳೆಯ ವಿಡಿಯೋಗಳನ್ನು ತಿಳಿ ಮಾಡುವ ವಿದ್ಯೆ ಕಲಿಯಲು ಕೂತರು. ಅದಕ್ಕೆ ಕಾರಣ ಅವರ ತಾಯಿ. ದಾವಣಗೆರೆಯಿಂದ ಬಂದು ಮಗಳ ಮನೆಯಲ್ಲಿದ್ದ ಅವರನ್ನು ನಾವೆಲ್ಲ ಅವ್ವ ಎಂದೇ ಕರೆಯುತ್ತಿದ್ದೆವು. ಅವ್ವನ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು. ಹೋದ ದೃಷ್ಟಿ ಬರೋದಿಲ್ಲ, ಇರೋದೂ ಉಳಿಯೋದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅವ್ವನ ಗಂಡ ವಚನ ಹಾಡುತ್ತಿದ್ದವರು. ಅವರು ಯಾರದೋ ಗೃಹಪ್ರವೇಶದಲ್ಲಿ ಹಾಡಿದ ಒಂದೇ ಒಂದು ವಿಡಿಯೋ ಕ್ಯಾಸೆಟ್ ಉಳಿದಿತ್ತು. ದನಿಯೇನೋ ಚೆನ್ನಾಗಿತ್ತು. ಮುಖ ನೋಡಿದರೆ ನಾದಿಟ್ಟ ಹಿಟ್ಟಿನ ಮುದ್ದೆ.

"ಪೂರ್ತಿ ಕತ್ತಲಾಗೋದ್ರೊಳಗೆ ಒಂದ್ಸಲ ಅವರ ಮುಖ ಸರಿಯಾಗಿ ನೋಡ್ಬೇಕು ಗಿರಿಜಾ" ಎಂದಿದ್ದರು ಅವ್ವ.

ಆ ಮುಖ ತಿಳಿಯಾಗಬೇಕಾದರೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕು. ದೊಡ್ಡ ಕಾರ್ಡು ಜಾಸ್ತಿ ಕರೆಂಟ್ ಕುಡಿಯುತ್ತದೆ, ಆದ್ದರಿಂದ ಕಂಪ್ಯೂಟರಿಗೆ ಕರೆಂಟ್ ಹಂಚುವ ಪವರ್ ಸಪ್ಲೈ ಡಬ್ಬಿಯೂ ಹೊಸದಾಗಬೇಕು. ಎರಡೂ ಬಂದ ಭಾನುವಾರ ನಾನು ಹಾಜರಿದ್ದೆ. ಕೆಲಸ ಮಾಡಲು ಅಲ್ಲ, ಅತ್ತಿಗೆಯ ಮಂಡಕ್ಕಿ ಒಗ್ಗರಣೆಗೆ.

ಇಲ್ಲಿ ನಮ್ಮಣ್ಣನ ವಿಷಯ ಸ್ವಲ್ಪ ಹೇಳಬೇಕು. ಬ್ಯಾಂಕಿನಲ್ಲಿದ್ದವರು, ಆದರೆ ಅವರ ನಿಜವಾದ ಉದ್ಯೋಗ ಕಟ್ಟುವುದು. ದಿನಾ ಬೆಳಿಗ್ಗೆ ಬಾಲ್ಕನಿಯಲ್ಲಿ ಕೂತು ಪೂಜೆಗೆ ಮಲ್ಲಿಗೆ ಕಟ್ಟುತ್ತಿದ್ದರು. ಹೂವು ಮುಗಿದು ದಾರ ಮಿಕ್ಕರೆ ಕರಿಬೇವಿನ ಕಂತೆ, ಪರದೆ, ಛತ್ರಿ, ಕೊನೆಗೆ ಕಂಪ್ಯೂಟರಿನ ವೈರು. ನನ್ನನ್ನೂ ಕಟ್ಟಿಹಾಕದಿದ್ದದ್ದು ನನ್ನ ಪುಣ್ಯ.

ಆ ಭಾನುವಾರ ಅಣ್ಣ ಹೇಳಿದರು: "ಡಬ್ಬಿ ಮಾತ್ರ ಹೊಸದು ಹಾಕು ಗಿರಿಜಾ. ವೈರ್ ಹಳೇದೇ ಇರ್ಲಿ. ಎಷ್ಟು ಚೆನ್ನಾಗಿ ಕಟ್ಟಿದೀನಿ ನೋಡು. ಪ್ಲಗ್ಗೂ ಸರಿಯಾಗಿ ಕೂರುತ್ತೆ."

"ಕೂತ ಮೇಲೆ ಇನ್ನೇನು ಅತ್ತಿಗೆ" ಎಂದು ನಾನೂ ಒಗ್ಗರಣೆ ಹಾಕಿದೆ. ಚೆನ್ನಾಗಿರುವುದನ್ನು ಎತ್ತಿಡುವುದು, ಮತ್ತೆ ಬಳಸುವುದು ನಮ್ಮ ವಂಶದ ಧರ್ಮ.

ಅತ್ತಿಗೆ ಹಳೆಯ ವೈರಿನ ತುದಿಯನ್ನೂ ಹೊಸದರ ತುದಿಯನ್ನೂ ಪಕ್ಕಪಕ್ಕ ಹಿಡಿದರು. ಅವಳಿಜವಳಿಯಂತಿದ್ದವು.

"ಕೂರುತ್ತೆ ರೀ, ಅದೇ ತೊಂದರೆ. ಎರಡೂ ಡಬ್ಬಿ ಮಾಡಿದೋರು ಬೇರೆ ಬೇರೆ. ಕರೆಂಟ್ ಬರೋ ಪಿನ್ನು ಇವರದ್ದು ಈ ಕಡೆ ಇದ್ರೆ ಅವರದ್ದು ಆ ಕಡೆ ಇರಬಹುದು. ಸ್ವಿಚ್ ಹಾಕಿದ ತಕ್ಷಣ ಕಾರ್ಡು ಸುಟ್ಟು ಹೋದ್ರೆ, ಆಮೇಲೆ ಅವ್ವಂಗೆ ಏನು ತೋರಿಸ್ಲಿ?"

ಅಣ್ಣ ಪೇಪರ್ ತೆಗೆದುಕೊಂಡು ಬಾಲ್ಕನಿಗೆ ಹೋದರು. ನಾನು ಕತ್ತರಿ ತರಲು ಎದ್ದೆ.

"ಕತ್ತರಿ ಬೇಡ ಕಣೋ. ಬಿಚ್ಚೋಣ. ಅವರು ಅಷ್ಟು ಹೊತ್ತು ಕೂತು ಕಟ್ಟಿದ್ದು."

ಎಂಥ ಹೆಂಗಸು ಅನ್ನಿಸಿತು. ಗಂಡ ಹೇಳಿದ್ದನ್ನು ಒಪ್ಪಲಿಲ್ಲ, ಗಂಡ ಹಾಕಿದ ಗಂಟನ್ನು ಕತ್ತರಿಸಲೂ ಇಲ್ಲ. ಒಂದೊಂದನ್ನೇ ಉಗುರಿನಿಂದ ಬಿಚ್ಚಿ, ದಾರ ಸುತ್ತಿಟ್ಟು, ಹೊಸ ಡಬ್ಬಿಯ ಜೊತೆ ಬಂದ ವೈರುಗಳನ್ನೇ ಹಾಕಿದರು. ಕಾರ್ಡಿಗೆ ಸಿಕ್ಕಿಸಿದಾಗ ಟಕ್ ಎನ್ನುವವರೆಗೂ ಒತ್ತಿದರು. ಅಷ್ಟಕ್ಕೇ ಸ್ವಿಚ್ ಹಾಕಲಿಲ್ಲ. ಪ್ರತಿ ವೈರನ್ನೂ ಡಬ್ಬಿಯ ಕಡೆಯಿಂದ ಬೆರಳಲ್ಲಿ ಸವರುತ್ತಾ ಇನ್ನೊಂದು ತುದಿ ಮುಟ್ಟುವವರೆಗೆ ಹೋದರು. ಗೇಟಿನ ಮುಂದೆ ಎಳೆ ರಂಗೋಲಿ ಹಾಕುವವರ ಅಭ್ಯಾಸ ಅದು. ಎಳೆ ಎಲ್ಲಿಂದ ಹೊರಟು ಎಲ್ಲಿಗೆ ಬಂತು ಎಂದು ನೋಡದೆ ಮೇಲೇಳುವವರಲ್ಲ.

ಸ್ವಿಚ್ ಹಾಕಿದರು, ಕಾರ್ಡಿನ ಫ್ಯಾನು ತಿರುಗಿತು. ಅಣ್ಣ ಪೇಪರಿನ ಹಿಂದಿನಿಂದಲೇ, "ಈ ವೈರುಗಳನ್ನ ಹೀಗೇ ಬಿಡ್ತೀರೋ?" ಎಂದರು. ಆಮೇಲೆ ದಾರ ಹಿಡಿದು ಬಂದು ಕೂತರು. ಇವತ್ತು ನಾನು ನೋಡಿದ್ದು ಆ ಗಂಟುಗಳನ್ನೇ.

ಕೆಲವು ದಿನಗಳ ಮೇಲೆ ಟಿವಿಯಲ್ಲಿ ಅವ್ವನ ಗಂಡ ಹಾಡಿದರು. ಅವ್ವ ಕುರ್ಚಿ ಎಳೆದುಕೊಂಡು, ಮೂಗು ತಾಗುವಷ್ಟು ಹತ್ತಿರ ಕೂತು, ಪರದೆಯ ಮೇಲೆ ಬೆರಳಿಟ್ಟರು. "ಕಿವಿ ಹತ್ರ ಮಚ್ಚೆ ಇತ್ತು. ಇಲ್ಲೇ ಐತಿ ನೋಡು." ಮುಂದಿನ ವರ್ಷ ಅವರಿಗೆ ಪೂರ್ತಿ ಕತ್ತಲಾಯಿತು. ಕೊನೆಯವರೆಗೂ ಆ ಮಚ್ಚೆಯ ಮಾತು ಮಾತ್ರ ಬಿಡಲಿಲ್ಲ.

ಇವತ್ತಿನ ಹೊಸ ಕಾರ್ಡು ಇನ್ನೂ ಉದ್ದ. ಕಟ್ಟು ಸಡಿಲಿಸದೆ ವೈರು ಅದರವರೆಗೆ ಮುಟ್ಟುತ್ತಿರಲಿಲ್ಲ. ನಾನು ಕತ್ತರಿ ಕೇಳಲಿಲ್ಲ. ಉಗುರು ಹಾಕಿ ಬಿಚ್ಚುತ್ತಾ ಕೂತೆ. ಅತ್ತಿಗೆ ಪಕ್ಕದ ಕುರ್ಚಿಯಲ್ಲಿ ಕೈಮೇಲೆ ಕೈಯಿಟ್ಟು ನೋಡುತ್ತಿದ್ದರು. ಟಕ್ ಎಂದಿತು.

"ಮುಟ್ಟಿ ನೋಡಿದ್ಯಾ?"

ಪ್ರತಿ ವೈರನ್ನೂ ಮುಟ್ಟುತ್ತಾ ತುದಿಯವರೆಗೆ ಹೋದೆ. ಆಮೇಲೆ ಅವರೇ ನಡುಗುವ ಬೆರಳಲ್ಲಿ ಸ್ವಿಚ್ ಒತ್ತಿ, ಕಾರ್ಡು ಕೆಟ್ಟಾಗ ಅರ್ಧಕ್ಕೆ ನಿಂತಿದ್ದ ಕೆಲಸ ತೆರೆದರು. ಮೊಬೈಲಿನಲ್ಲಿ ಯಾವಾಗಲೋ ಹಿಡಿದಿದ್ದ ವಿಡಿಯೋ. ನಸುಕಿನ ಬೆಳಕು, ಬಾಲ್ಕನಿ, ಮಸುಕು ಮಸುಕಾಗಿ ಅಣ್ಣ.

"ಮುಖ ತಿಳಿಯಾಗುತ್ತೆ ಬಿಡಿ ಅತ್ತಿಗೆ" ಎಂದೆ.

"ಮುಖ ನಂಗೆ ಕಣ್ಣು ಮುಚ್ಚಿದ್ರೂ ಕಾಣುತ್ತೆ ಕಣೋ. ಕೈ ನೋಡ್ಬೇಕು."

ವಿಡಿಯೋದಲ್ಲಿ ಅಣ್ಣ ಹೂ ಕಟ್ಟುತ್ತಿದ್ದರು. ತಿಳಿಯಾಗಲು ಸಂಜೆಯಾಗುತ್ತದಂತೆ. ಕಂಪ್ಯೂಟರಿನ ಮುಚ್ಚಳ ಹಾಕಿಲ್ಲ, ವೈರು ಕಟ್ಟಿಲ್ಲ. ಬಿಚ್ಚಿದ ದಾರ ಹಿಡಿದು ಕಾಯುತ್ತಿದ್ದೇನೆ. ಆ ಗಂಟು ಹೇಗೆ ಹಾಕುತ್ತಿದ್ದರೆಂದು ನೋಡಿ ಕಲಿಯಬೇಕು.