ಚೆಂಡುಹೂವಿನ ಹೊಲದಲ್ಲಿ ಮಹಜರು

ನಾನು ಸಂಪಾದಕನಾದದ್ದು ಓದಿನಿಂದಲ್ಲ, ಗಂಟಲಿನಿಂದ. ಗುಂಡ್ಲುಪೇಟೆಯ ಮಂಡಿಯಲ್ಲಿ ಈರುಳ್ಳಿ ಹರಾಜು ಕೂಗುತ್ತಿದ್ದವನು ಸಂಜೆ ಹೊತ್ತು ಚಾಮರಾಜನಗರದ ಪತ್ರಿಕೆಯೊಂದಕ್ಕೆ ಫೋನಿನಲ್ಲಿ ತರಕಾರಿ ದರ ಹೇಳುತ್ತಿದ್ದೆ. ದರದ ಜೊತೆ ಸುದ್ದಿ ಹೇಳಿದೆ, ಆಮೇಲೆ ಬರೆದೆ. ಹಳೆಯ ಸಂಪಾದಕರಿಗೆ ಸಾಕಾದಾಗ ಆ ನಾಲ್ಕು ಪುಟದ ಪತ್ರಿಕೆಯನ್ನು ಚೌಕಾಸಿ ಮಾಡಿ ಕೊಂಡುಕೊಂಡೆ. ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಇಷ್ಟೆ: ಮೂಟೆಗೆ ಕೈ ಹಾಕದೆ ದರ ಕೂಗಬೇಡಿ, ಜಾಗ ನೋಡದೆ ಸುದ್ದಿ ಬರೆಯಬೇಡಿ.

ಮೊನ್ನೆಯ ಮಳೆಗಾಲದಲ್ಲಿ ಕಾಡಂಚಿನ ಊರೊಂದರ ಹೆಂಗಸನ್ನು ಹುಲಿ ಹಿಡಿಯಿತು. ದೇಹ ಸಿಕ್ಕಿದ್ದು ಅರಣ್ಯದವರು ತೋಡಿಸಿದ ಕಂದಕದ ಆಚೆ, ಕಾಡಿನ ಬದಿಯಲ್ಲಿ. ಸೌದೆಗೆಂದು ಕಾಡಿಗೆ ನುಗ್ಗಿದ್ದಳು ಎಂಬ ಇಲಾಖೆಯ ಹೇಳಿಕೆ ಮಧ್ಯಾಹ್ನದೊಳಗೆ ಎಲ್ಲ ವರದಿಗಾರರ ಮೊಬೈಲಿಗೂ ಬಂತು. ನಾನು ಹೋದಾಗ ಊರವರು ಹೆಣವನ್ನು ರಸ್ತೆಯ ಮೇಲಿಟ್ಟು ಕೂತಿದ್ದರು.

"ಈರುಳ್ಳಿ ಎಡಿಟ್ರು ಬಂದ್ರು ಕಣ್ಲಾ, ಇನ್ನು ಅರಾಜು ಸುರು," ಅಂದ ಒಬ್ಬ. 

ಗಂಡ ಹೆಣದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. "ಅವ್ಳು ಕಾಡ್ಗೆ ಓಗಿರ್ನಿಲ್ಲ ಕಣಣ್ಣ. ನಮ್ ಒಲ್ದಲ್ಲೇ ಊವ ಬುಡುಸ್ತಿದ್ಲು. ಸತ್ತೋಳ್ನೂ ಕಳ್ಳಿ ಮಾಡ್ಬುಟ್ರಲ್ಲ."

ಸುತ್ತಲಿದ್ದವರು ಬೋನು, ಬೇಲಿ, ಕೆಲಸ, ಮಂತ್ರಿ ಎಂದು ಒಂದೇ ಉಸಿರಿಗೆ ಕೇಳುತ್ತಿದ್ದರು. ಹತ್ತು ಕೇಳಿದರೆ ಎದುರಿನವನು ಯಾವುದು ಅಗ್ಗವೋ ಅದನ್ನು ಕೊಟ್ಟು ಎದ್ದುಹೋಗುತ್ತಾನೆ. ಗಂಡನನ್ನು ಬದಿಗೆ ಕರೆದು ಹೇಳಿದೆ: "ಒಂದೇ ಕೇಳಪ್ಪ. ನಿನ್ನ ಹೊಲಕ್ಕೆ ಬಂದು ಅಲ್ಲೇ ಮಹಜರು ಬರೆಯಲಿ. ಅಲ್ಲಿಯವರೆಗೆ ಹೆಣ ಎತ್ತಬೇಡ."

ಅಲ್ಲಿಗೆ ಬಂದಿದ್ದ ಅರಣ್ಯ ಇಲಾಖೆಯ ಅಧಿಕಾರಿ ಗಡಿಯಾರ ನೋಡಿದರು. "ಕತ್ತಲಾಗುತ್ತೆ ಸಾರ್, ಆನೆ ಇಳಿಯೋ ಹೊತ್ತು. ನಾಳೆ ಬರೆದರಾಗಲ್ವಾ?"

"ರಾತ್ರಿ ಮಳೆ ಬಂದರೆ ನಾಳೆ ಏನು ಉಳಿದಿರುತ್ತೆ?" ಅಂದೆ. ಗಂಡ ಅಲ್ಲಾಡಲಿಲ್ಲ. ಕೊನೆಗೆ ಅವರೇ ಬೂಟಿಗೆ ಕೆಸರು ಮೆತ್ತಿಸಿಕೊಂಡು ಹೊರಟರು.

ಹೊಲದ ನಡುವೆ ಅರ್ಧ ಹೂ ತುಂಬಿದ ಮಂಕರಿ ಮಗುಚಿಬಿದ್ದಿತ್ತು. ಒಂದು ಚಪ್ಪಲಿ ಇತ್ತು. ಅಲ್ಲಿಂದ ಕಂದಕದ ಕಡೆಗೆ ಎಳೆದ ಜಾಡು. ಆ ಜಾಡಿನ ಎರಡೂ ಬದಿಯ ಚೆಂಡುಹೂವಿನ ಗಿಡಗಳು ಬೇರುಸಮೇತ ಕಿತ್ತು ಬಂದಿದ್ದವು, ಒಂದಾದ ಮೇಲೊಂದು, ಕಂದಕದವರೆಗೂ. ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದುಕೊಂಡಿದ್ದಳು.

ಅಧಿಕಾರಿ ಟೋಪಿ ತೆಗೆದರು. ಘಟನೆ ನಡೆದದ್ದು ರೈತನ ಸ್ವಂತ ಪಟ್ಟಾ ಜಮೀನಿನಲ್ಲಿ ಎಂದು ಬರೆಸಿದರು. ಬೆಳಗಿನಿಂದ ಹೆಣ ಕಾಯುತ್ತಿದ್ದ ಗಂಡ ಆ ಜಾಗ ನೋಡಿದ್ದು ಆಗಲೇ. ಮೊದಲ ಗಿಡದ ಹತ್ತಿರ ಕೂತವನು ಅದನ್ನು ಮತ್ತೆ ಮಣ್ಣಿಗೆ ಊರತೊಡಗಿದ. ಆಮೇಲೆ ಮುಂದಿನದನ್ನು. 

ಆ ಕಿತ್ತ ಗಿಡಗಳ ಸಾಲಿನ ಫೋಟೊ ನಾನು ತೆಗೆದಿದ್ದೆ. ಅಂಥದು ನನ್ನ ಪತ್ರಿಕೆಗೆ ಹಿಂದೆಂದೂ ಸಿಕ್ಕಿರಲಿಲ್ಲ. ಹೊರಡುವಾಗ ಅವನು ನನ್ನ ತೋಳು ಹಿಡಿದ. "ಒಲ್ದಲ್ಲಿ ಅಂತ ಬರೀರಿ ಅಣ್ಣ. ಗಿಡದ್ ಪಟ ಮಾತ್ರ ಆಕ್ಬೇಡಿ. ಮಗ್ಳು ಪೇಪರ್ ಓದ್ತಳೆ."

"ಆ ಪಟ ಹಾಕಿದರೆ ನಾಳೆ ಯಾರೂ ಎದುರಾಡಲ್ಲ ಕಣಪ್ಪ."

"ಬ್ಯಾಡಿ."

ಹಾಕಲಿಲ್ಲ. ಮಗುಚಿದ ಮಂಕರಿಯ ಪಟ ಹಾಕಿ, ತನ್ನದೇ ಹೊಲದಲ್ಲಿ ಎಂದು ತಲೆಬರಹ ಕೊಟ್ಟೆ. ಬೆಳಿಗ್ಗೆ ದೊಡ್ಡ ಪತ್ರಿಕೆಗಳು ಮಧ್ಯಾಹ್ನದ ಹೇಳಿಕೆಯನ್ನೇ ಅಚ್ಚುಹಾಕಿದ್ದವು. ಉಮ್ಮತ್ತೂರು, ಸಂತೆಮರಹಳ್ಳಿಗಳ ಬಸ್ಸುಗಳಲ್ಲಿ ಜನ ಓದಿದ್ದು ಹೆಚ್ಚಾಗಿ ಅವನ್ನೇ. ಕಡತದಲ್ಲಿ ಅವಳು ಹೊಲದಲ್ಲಿ ಸತ್ತಳು, ಜನರ ಬಾಯಲ್ಲಿ ಇನ್ನೂ ಸೌದೆಗೆ ಹೋದವಳು.

ಹದಿನೈದು ದಿನ ಬಿಟ್ಟು ಆ ದಾರಿಯಲ್ಲಿ ಹೋದೆ. ಅವನು ಹೂ ಬಿಡಿಸಿರಲಿಲ್ಲ; ಸುತ್ತಲಿನ ಹೊಲವೆಲ್ಲ ಬರಿದಾಗಿ ಅದೊಂದೇ ತುಂಬ ಅರಳಿ ನಿಂತಿತ್ತು. ಕೇರಳದ ಕಾರೊಂದು ರಸ್ತೆಬದಿ ನಿಂತಿತ್ತು. ಅದರಲ್ಲಿ ಬಂದ ದಂಪತಿ ಫೋಟೊಗೆಂದು ಗಿಡಗಳ ನಡುವೆ ಇಳಿಯುತ್ತಿದ್ದರು. ಈ ಸೀಸನ್ನಿನಲ್ಲಿ ನಮ್ಮ ರೈತರು ಅದಕ್ಕೂ ಕಾಸು ಪಡೆಯುತ್ತಾರೆ; ಹಾಗೆ ಪಡೆಯಿರಿ ಎಂದು ಪತ್ರಿಕೆಯಲ್ಲಿ ಬರೆದವನೂ ನಾನೇ.

ನಾನು ಗಾಡಿ ನಿಲ್ಲಿಸಿ, ಈ ಹೊಲ ಬೇಡ ಎಂದು ಕೈ ಆಡಿಸಿದೆ. ಕಾರಿನಾತ ನನ್ನನ್ನೇ ಹೊಲದ ಯಜಮಾನ ಅಂದುಕೊಂಡು ನಗುತ್ತ ಪರ್ಸು ತೆಗೆದ.

"ಎತ್ರ ಚೇಟ್ಟಾ?"

ಮಂಡಿಯಲ್ಲಿ ಬೆಳೆದವನಿಗೆ ಎಷ್ಟು ಎಂದು ಯಾವ ಭಾಷೆಯಲ್ಲಿ ಕೇಳಿದರೂ ಅರ್ಥವಾಗುತ್ತದೆ. ಪರ್ಸು ಒಳಗಿಡಿ ಎಂದು ಕೈ ತೋರಿಸಿ, ಅವರಿಬ್ಬರೂ ರಸ್ತೆಗೆ ಹತ್ತುವವರೆಗೆ ಅಲ್ಲೇ ನಿಂತಿದ್ದೆ.